ಹಳದಿ ಬಳಿದ ಪುಸ್ತಕ, ನನ್ನ ಕಾಲಿನ ಬಾವು

ಹಳೆಯ ಸಾಮಾನು ಕೊಳ್ಳುವವರು ಒಂದು ಮಾತು ನೆನಪಿಡಬೇಕು. ಮಾರಲು ಬಂದವರನ್ನು ‘ಇದಕ್ಕೆ ಎಂತ ಆಗಿದೆ’ ಎಂದು ಕೇಳಬಾರದು. ‘ಎಂತ ಇಲ್ಲ’ ಎಂಬ ಉತ್ತರವೇ ಬರುತ್ತದೆ. ‘ಯಾವಾಗಿನಿಂದ ಹೀಗೆ, ಅದಕ್ಕೆ ಮೊದಲು ಹೇಗಿತ್ತು’ ಎಂದು ಕೇಳಬೇಕು. ಆಗ ಸಾಮಾನಿನ ಕಥೆ ತಾನಾಗಿ ಹೊರಗೆ ಬರುತ್ತದೆ.

ಕಾರ್ಕಳದಿಂದ ಒಂದು ಸೈಕಲ್ ಹಿಡಿದುಕೊಂಡು ಬಂದವನು ನಾನು. ಮಣಿಪಾಲದಲ್ಲಿ ಪ್ರತಿ ವರ್ಷ ಕೋರ್ಸ್ ಮುಗಿಸಿದ ಮಕ್ಕಳು ಒಂದೇ ವಾರದಲ್ಲಿ ಊರಿಗೆ ಹೊರಡುತ್ತಾರೆ. ಮಂಚ, ಕೆಟಲ್, ಮೇಜು, ಸಣ್ಣ ಫ್ರಿಜ್, ಪುಸ್ತಕ, ಯಾವುದನ್ನೂ ಹೊತ್ತುಕೊಂಡು ಹೋಗುವುದಿಲ್ಲ. ಎರಡು ತಿಂಗಳ ಮೇಲೆ ಹೊಸಬರು ಬಂದು ಅವನ್ನೇ ಹುಡುಕುತ್ತಾರೆ. ಈ ಎರಡು ತಿಂಗಳ ನಡುವೆ ನನ್ನ ಅನ್ನ ಉಂಟು. ಮಣಿಪಾಲದ ಪಕ್ಕದ ಪರ್ಕಳದಲ್ಲಿ ನನ್ನ ಅಂಗಡಿ ನಿಂತಿರುವುದು ಅದರ ಮೇಲೆಯೇ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ನರ್ಸಿಂಗ್ ಯೂನಿಫಾರ್ಮಿನ ಹುಡುಗಿಯೊಬ್ಬಳು ಇಟ್ಟಿಗೆಯಷ್ಟು ದಪ್ಪದ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಪ್ಯಾಥೋಫಿಸಿಯಾಲಜಿ, ಅಂದರೆ ರೋಗ ದೇಹದೊಳಗೆ ಹೇಗೆ ಹುಟ್ಟುತ್ತದೆ, ಹೇಗೆ ಹೆಜ್ಜೆ ಹೆಜ್ಜೆಯಾಗಿ ಬೆಳೆಯುತ್ತದೆ ಎನ್ನುವ ವಿಷಯ. ಅವಳು ಕಾಪುವಿನವಳು, ದಿನಾ ಉಡುಪಿಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದಳು. ಇದೊಂದು ವಿಷಯದಲ್ಲಿ ಫೇಲ್ ಆಗಿತ್ತು. ಮೂರು ವಾರದಲ್ಲಿ ಮರುಪರೀಕ್ಷೆ. ಅದೂ ಹೋದರೆ ಒಂದು ವರ್ಷ ಹಿಂದೆ ಉಳಿಯಬೇಕು. ಹಾಗೆ ಉಳಿಯುವುದಕ್ಕಿಂತ ಓದು ನಿಲ್ಲಿಸಿ ಕಾಪುವಿನ ಬಟ್ಟೆ ಅಂಗಡಿಗೆ ಸೇರುವುದೇ ಒಳ್ಳೆಯದು ಎಂದು ತೀರ್ಮಾನಿಸಿದ ಹಾಗಿತ್ತು. ಪುಸ್ತಕ ಮಾರಿಬಿಟ್ಟರೆ ತೀರ್ಮಾನ ಗಟ್ಟಿಯಾಗುತ್ತದಲ್ಲ.

ನಾನು ಪುಟ ತಿರುಗಿಸಿದೆ. ಮೊದಲ ಎರಡು ಅಧ್ಯಾಯಗಳ ಪ್ರತಿ ಸಾಲಿಗೂ ಹಳದಿ ಬಣ್ಣ. ಮೂರನೆಯದರಿಂದ ಪುಸ್ತಕ ಹೊಸದು, ವಾಸನೆ ಕೂಡ ಹೋಗಿಲ್ಲ.

“ಇದನ್ನು ಓದಿದ್ದು ಯಾರು?” ಎಂದೆ.

“ನಾನೇ.”

“ಓದಿದ್ದಲ್ಲ ಮಾರಾಯ್ತಿ, ಪೇಂಟ್ ಮಾಡಿದ್ದು.”

ನಮ್ಮ ಮಾತೆಲ್ಲ ಹೆಚ್ಚಾಗಿ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ನಗು ಬರಲಿಲ್ಲ. ನನಗೆ ಕನಿಕರ ಉಕ್ಕಿತು ಎಂದರೆ ಸುಳ್ಳಾಗುತ್ತದೆ. ಸೆಮಿಸ್ಟರಿನ ನಡುವೆ ಆ ಪುಸ್ತಕಕ್ಕೆ ಗಿರಾಕಿ ಇಲ್ಲ, ಅಷ್ಟೇ. ಆದರೂ ಬರಿಗೈಯಲ್ಲಿ ಕಳುಹಿಸುವ ಮನಸ್ಸಾಗದೆ ಒಂದು ಒಪ್ಪಂದ ಮುಂದಿಟ್ಟೆ. ಪರೀಕ್ಷೆಯ ತನಕ ಸಂಜೆ ಬಸ್ಸಿಗೆ ಕಾಯುವಷ್ಟು ಹೊತ್ತು ಇಲ್ಲಿ ಕೂತು ದಿನಕ್ಕೊಂದು ರೋಗ ನನಗೆ ಹೇಳಬೇಕು. ನಾನು ‘ಯಾಕೆ’ ಎಂದು ಕೇಳುತ್ತಲೇ ಇರುತ್ತೇನೆ. ಕೊನೆಗೆ ಎಲ್ಲವೂ ನನ್ನಂಥವನ ತಲೆಗೆ ಹೋದರೆ ಪುಸ್ತಕಕ್ಕೆ ಅವಳು ಹೇಳಿದ್ದೇ ಬೆಲೆ. ಈ ಮನುಷ್ಯನಿಗೆ ಬೇರೆ ಕೆಲಸ ಇಲ್ಲ ಎಂಬಂತೆ ನೋಡಿದಳು. ಆದರೆ ಹೊರಗೆ ಬಿಸಿಲು, ಒಳಗೆ ಫ್ಯಾನ್. ಕೂತಳು.

ಮೊದಲ ದಿನ ಸಕ್ಕರೆ ಕಾಯಿಲೆ. ಬಾಯಾರಿಕೆ, ಹಸಿವು, ಪದೇ ಪದೇ ಮೂತ್ರ ಎಂದು ಮಗ್ಗಿಯ ಹಾಗೆ ಒಪ್ಪಿಸಿದಳು. ಬಾಯಾರಿಕೆ ಯಾಕೆ ಎಂದೆ. ಅದು ಲಕ್ಷಣ ಎಂದಳು. ಲಕ್ಷಣ ನನಗೂ ಗೊತ್ತುಂಟು, ಯಾಕೆ ಎಂದೆ. ಅವಳು ಹಳದಿ ಸಾಲುಗಳಲ್ಲಿ ಉತ್ತರ ಹುಡುಕತೊಡಗಿದಳು.

ನಾನು ಮೂಲೆಯ ಸಣ್ಣ ಫ್ರಿಜ್ಜನ್ನು ಎಳೆದು ತೋರಿಸಿದೆ. ನೆಲಕ್ಕೆ ನೀರು ಸೋರುತ್ತದೆ ಎಂದು ಯಾರೋ ಕೊಟ್ಟು ಹೋದದ್ದು. ನೀರು ಯಾಕೆ? ಒಳಗೆ ಕಟ್ಟಿದ ಐಸ್ ಕರಗಿ. ಅಷ್ಟು ಐಸ್ ಯಾಕೆ? ಹೊರಗಿನ ಹಸಿ ಗಾಳಿ ಒಳಗೆ ನುಗ್ಗಿ. ಗಾಳಿ ಯಾಕೆ ನುಗ್ಗಿತು? ಬಾಗಿಲಿನ ರಬ್ಬರ್ ಹರಿದಿದೆ. ನೆಲ ಒರೆಸುತ್ತಾ ಕೂತರೆ ವರ್ಷವಿಡೀ ಒರೆಸಬೇಕು, ರಬ್ಬರ್ ಬದಲಿಸಿದರೆ ಅರ್ಧ ಗಂಟೆಯ ಕೆಲಸ. ಅವಳು ಆ ರಬ್ಬರನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಮರುದಿನ ಬಂದವಳೇ ಸ್ಟೂಲಿನ ಮೇಲೆ ಕೂತು ಹೇಳಿದಳು: ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ, ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ, ದೇಹ ಒಣಗುತ್ತದೆ, ಅದಕ್ಕೆ ಬಾಯಾರಿಕೆ. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನ ಬಾಣಗಳು ಬಂದಿದ್ದವು. ಹಳದಿ ಪೆನ್ನು ಕಾಣಲಿಲ್ಲ.

ಹೀಗೆ ದಮ್ಮು, ಕಾಮಾಲೆ, ಕಿಡ್ನಿ ಎಲ್ಲ ನನ್ನ ಅಂಗಡಿಯ ಮಂಚ ಮೇಜುಗಳ ನಡುವೆ ಹಾದುಹೋದವು. ನನ್ನ ಹೆಂಡತಿ ಚಾ ಕೊಡುವ ನೆಪದಲ್ಲಿ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. ಕೆಲವು ಗಿರಾಕಿಗಳು ಕೂಡ ಕೇಳಿ ತಮ್ಮ ಸೊಂಟನೋವು ಹೇಳಲು ಶುರು ಮಾಡಿದರು. ಅಂಥವರನ್ನು ಬೇಗ ಸಾಮಾನು ಕೊಟ್ಟು ಕಳುಹಿಸಬೇಕು, ಇಲ್ಲವಾದರೆ ವ್ಯಾಪಾರ ಕೆಡುತ್ತದೆ.

ಹೃದಯದ ದಿನ ನಾನು ಚಪ್ಪಲಿ ಬಿಟ್ಟು, ಕಾಲನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟು ಕೇಳುತ್ತಿದ್ದೆ. ಅವಳು ನಡುವೆ ಮಾತು ನಿಲ್ಲಿಸಿ ನನ್ನ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೆಯೇ ಉಳಿಯಿತು. ಇಡೀ ದಿನ ನಿಂತು ಹಾಗಾದದ್ದು ಎಂದೆ. ನಿಜ ಹೇಳುವುದಾದರೆ ನನ್ನ ಹೃದಯಕ್ಕೆ ಬಲ ಕಡಿಮೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನೀರು ಇಳಿಸುವ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದೆ. ಬಾವು ಮಾತ್ರ ಇಳಿಯದೆ ಮಾತ್ರೆಯೇ ಎರಡು ಸಲ ಏರಿತ್ತು.

“ಯಾವಾಗಿನಿಂದ ಹೀಗೆ?” ಎಂದು ಕೇಳಿದಳು. ನನ್ನದೇ ಪ್ರಶ್ನೆ ನನಗೇ ಬಂತು.

ಬೆಳಿಗ್ಗೆ ಎದ್ದಾಗ ಇಳಿದಿರುತ್ತದೆ, ಹೆದರುವಂಥದ್ದಲ್ಲ ಎಂದೆ.

“ಮಲಗುವಾಗ ಎಷ್ಟು ದಿಂಬು?”

“ಎರಡು.”

“ಮೊದಲು?”

“ಒಂದು.”

“ಹಾಗಾದರೆ ನೀರು ಇಳಿದದ್ದಲ್ಲ ಅಂಕಲ್, ಜಾಗ ಬದಲಿಸಿದ್ದು. ಮಲಗಿದಾಗ ಕಾಲಿನ ನೀರು ವಾಪಸು ರಕ್ತಕ್ಕೆ ಬರುತ್ತದೆ. ಬಲ ಇಲ್ಲದ ಹಾರ್ಟಿಗೆ ಅಷ್ಟನ್ನು ಮುಂದೆ ತಳ್ಳಲಿಕ್ಕೆ ಆಗುವುದಿಲ್ಲ, ಶ್ವಾಸಕೋಶದಲ್ಲಿ ಒತ್ತಡ ಆಗುತ್ತದೆ. ಉಸಿರು ಕಟ್ಟಿದ ಹಾಗಾಗಿ ನೀವು ಎರಡನೇ ದಿಂಬು ಇಟ್ಟದ್ದು.”

ಪುಸ್ತಕ ಮುಚ್ಚಿಯೇ ಇತ್ತು. ಅವಳು ಅಲ್ಲಿಗೆ ಬಿಡಲಿಲ್ಲ. ಮಾತ್ರೆ ತಪ್ಪದಿದ್ದರೂ ನೀರು ಯಾಕೆ ನಿಲ್ಲುತ್ತದೆ ಎಂದು ಹಿಂದಕ್ಕೆ ಹಿಂದಕ್ಕೆ ಹೋದಳು. ಉಪ್ಪು? ಉಪ್ಪಿನಕಾಯಿ ಬಿಟ್ಟು ವರ್ಷವಾಯಿತು ಎಂದೆ. ಹಪ್ಪಳ, ಒಣಮೀನು ಕೂಡ ಬಿಟ್ಟಿದ್ದೆ. ರಾತ್ರಿಗೆ ಎಂತ ಎಂದಳು. ಗಂಜಿ ಎಂದೆ.

“ಗಂಜಿಗೆ ನೆಂಚಿಕೊಳ್ಳಲಿಕ್ಕೆ?”

ಬಾಗಿಲ ಬಳಿ ನನ್ನ ಹೆಂಡತಿ ನಗಲು ಶುರು ಮಾಡಿದಳು.

ಭರಣಿಯ ಮಾವಿನಕಾಯಿ. ಬೇಸಿಗೆಯಲ್ಲಿ ಉಪ್ಪುನೀರಿಗೆ ಹಾಕಿ ಇಡುತ್ತೇವಲ್ಲ, ಅದು. ಡಾಕ್ಟರು ಬೇಡ ಎಂದದ್ದು ಉಪ್ಪಿನಕಾಯಿ. ಇದಕ್ಕೆ ಮೆಣಸಿಲ್ಲ, ಎಣ್ಣೆ ಇಲ್ಲ, ಇದು ಉಪ್ಪಿನಕಾಯಿ ಹೇಗಾಗುತ್ತದೆ? ಸಾಲದ್ದಕ್ಕೆ ಮೂರು ನೀರಿನಲ್ಲಿ ತೊಳೆದೇ ತಿನ್ನುತ್ತಿದ್ದೆ. ಎಲ್ಲಾ ವ್ಯವಹಾರದಲ್ಲೂ ಸಂದು ಹುಡುಕುವುದು ನನ್ನ ಅಭ್ಯಾಸ. ಈ ಸಂದು ಹುಡುಕಿದ್ದಕ್ಕೆ ಒಳಗೊಳಗೆ ಹೆಮ್ಮೆಯೂ ಇತ್ತು.

“ತೊಳೆದರೆ ಸಿಪ್ಪೆಯ ಮೇಲಿನ ಉಪ್ಪು ಹೋಗುತ್ತದೆ,” ಎಂದಳು. “ತಿಂಗಳುಗಟ್ಟಲೆ ಒಳಗೆ ಕುಡಿದದ್ದು ಎಲ್ಲಿಗೆ ಹೋಗುತ್ತದೆ? ಮಾತ್ರೆ ನೀರನ್ನು ಹೊರಗೆ ಹಾಕುತ್ತದೆ, ಉಪ್ಪು ಅದನ್ನು ಹಿಡಿದು ನಿಲ್ಲಿಸುತ್ತದೆ. ನೀವು ನೆಲ ಒರೆಸುತ್ತಾ ಇದ್ದೀರಿ, ರಬ್ಬರ್ ಹರಿದೇ ಉಂಟು.”

ದಿನಕ್ಕೆ ಅರ್ಧ ಕಾಯಿ ಆಗಬಹುದಾ ಎಂದು ಕೇಳಿದೆ.

“ಚೌಕಾಸಿ ನನ್ನ ಹತ್ತಿರ ಬೇಡ. ಹಾರ್ಟಿನ ಹತ್ತಿರ ಮಾಡಿ ನೋಡಿ, ಒಪ್ಪುತ್ತದಾ ಅಂತ.”

ನಲವತ್ತು ವರ್ಷ ವ್ಯಾಪಾರ ಮಾಡಿದ ನಾನು ಸ್ಟೂಲಿನಿಂದ ಕಾಲು ಇಳಿಸಿ ಚಪ್ಪಲಿ ಮೆಟ್ಟಿಕೊಂಡೆ. ಮಾತ್ರೆಯ ವಿಷಯದಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಅದು ತನ್ನ ಕೆಲಸವಲ್ಲ, ಡಾಕ್ಟರಿಗೆ ಭರಣಿಯ ವಿಷಯ ಹೇಳಿ, ನಾಳೆಯೇ ಹೋಗಿ ಎಂದಳು. ಹೋದೆ. ಡಾಕ್ಟರು ನಕ್ಕರು, ಆಮೇಲೆ ಗದರಿದರು. ಭರಣಿ ಕಾರ್ಕಳದ ನಾದಿನಿಯ ಮನೆಗೆ ಹೋಯಿತು. ಆದ್ದರಿಂದ ಹೇಳುತ್ತೇನೆ: ಡಾಕ್ಟರು ಕೇಳದಿದ್ದರೂ ಗಂಜಿಗೆ ನೆಂಚಿಕೊಳ್ಳುವುದು ಎಂತ ಎಂದು ನೀವೇ ಹೇಳಿಬಿಡಿ.

ಪರೀಕ್ಷೆ ಮುಗಿದು ಫಲಿತಾಂಶ ಬಂದ ದಿನ ಅವಳು ಅಂಗಡಿಗೆ ಬಂದಳು. ಮುಖ ನೋಡಿ ಏನೂ ಊಹಿಸಲಾಗಲಿಲ್ಲ. ನನ್ನ ಜೊತೆ ಕೂತು ವ್ಯಾಪಾರದವರ ಆ ವಿದ್ಯೆಯನ್ನೂ ಕಲಿತಿದ್ದಳು. ಎಂತಾಯಿತು ಎಂದರೆ, ಮೊದಲು ಕಾಲು ತೋರಿಸಿ ಎಂದಳು. ಬಗ್ಗಿ ಒತ್ತಿದಳು. ಗುಳಿ ಬೀಳಲಿಲ್ಲ.

“ಪಾಸ್,” ಎಂದಳು, ಬಗ್ಗಿಕೊಂಡೇ.

ನನ್ನ ಕಾಲಿನ ಮಾತೋ, ಅವಳ ಪರೀಕ್ಷೆಯದ್ದೋ ಎಂದು ನನ್ನ ಹೆಂಡತಿ ಕೇಳಿದಳು. ಎರಡೂ ಎಂದಳು ಹುಡುಗಿ.

ಒಪ್ಪಂದದ ಪ್ರಕಾರ ಪುಸ್ತಕಕ್ಕೆ ಬೆಲೆ ಹೇಳು ಎಂದೆ. ಮಾರುವುದಿಲ್ಲ, ಬಾಣ ಹಾಕಿದ ಪುಸ್ತಕ ಇನ್ನು ಮುಂದೆಯೂ ಬೇಕು ಎಂದಳು. ಅದರ ಬದಲಿಗೆ ಮೂಲೆಯ ಓದುವ ಮೇಜು ಕೇಳಿದಳು, ಅದನ್ನು ಕಾಪುವಿಗೆ ತಲುಪಿಸುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದಳು. ಒಳ್ಳೆಯ ಸಾಗುವಾನಿ ಮೇಜು. ಕೊಟ್ಟೆ.

ಮುಂದಿನ ಭಾನುವಾರ ಟೆಂಪೋದಲ್ಲಿ ಮೇಜು ಹೇರಿಕೊಂಡು ಹೋದೆ. ಅವಳ ತಾಯಿ ಊಟ ಮಾಡದೆ ಬಿಡಲಿಲ್ಲ. ಬಿಸಿ ಗಂಜಿ, ಬಸಳೆ ಸೊಪ್ಪಿನ ಪದಾರ್ಥ, ಬದಿಯಲ್ಲಿ ಸಣ್ಣ ತಟ್ಟೆಯಲ್ಲಿ ಭರಣಿಯ ಮಾವಿನಕಾಯಿ ಒಂದು. ನಾನು ಕೈ ಚಾಚಿರಲಿಲ್ಲ, ದೇವರಾಣೆ. ಹುಡುಗಿ ಒಳಗಿನಿಂದ ಬಂದು ಮಾತಾಡದೆ ಆ ತಟ್ಟೆಯನ್ನು ಎತ್ತಿಕೊಂಡು ಹೋದಳು. ತಾಯಿ ಗಾಬರಿಯಾಗಿ ನನ್ನ ಮುಖ ನೋಡಿದರು. ಬಸಳೆ ಬಹಳ ರುಚಿಯಾಗಿದೆ ಎಂದು ಹೇಳಿ ಇನ್ನೊಂದು ಸೌಟು ಹಾಕಿಸಿಕೊಂಡೆ.