ಕುರಿ ನಿಂತ ಹೊಲದ ನೆಗ್ಗಿಲು ಹೂ

ಹೂವಿನ ಫೋಟೋ ತೆಗೆಯುವ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಹುಕ್ಕೇರಿಯ ಸಾಲೆಗೆ ಹೋಗುವ ದಾರಿಯಲ್ಲಿ ಬಸ್ಸು ತಡವಾದರೆ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ತುಂಬೆಯೋ ಎಕ್ಕೆಯೋ, ಸಿಕ್ಕಿದ್ದನ್ನು ಮೊಬೈಲಿನಲ್ಲಿ ಹಿಡಿಯುತ್ತೇನೆ. ಕೆಳಗೊಂದು ಬುದ್ಧಿಮಾತು ಬರೆದು ನನ್ನ ವಿದ್ಯಾರ್ಥಿಗಳಿಗೆ ಕಳಿಸುತ್ತೇನೆ. ಕುರಿ ಕಾಯುವ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಬುದ್ಧಿ ಹೇಳುವ ಹಕ್ಕನ್ನು ಯಾರೂ ನನಗೆ ಪುಕ್ಕಟೆ ಕೊಟ್ಟಿಲ್ಲ.

ಆ ವರ್ಷ ಯುಗಾದಿ ಮುಗಿದ ಮೇಲೆ ಅಪ್ಪ ಮತ್ತು ಕಾಕಾ ಮೂಡಲಗಿ ಕಡೆಯ ನಮ್ಮೂರಿನಿಂದ ಕುರಿ ಹೊಡೆದುಕೊಂಡು, ಗೋಕಾಕ ದಾಟಿ, ಯಮಕನಮರಡಿಯತ್ತ ಹೋಗಿದ್ದರು. ಬಿತ್ತನೆಗೆ ಮುಂಚೆ ರೈತರು ಗೊಬ್ಬರಕ್ಕೆಂದು ಖಾಲಿ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಸುತ್ತ ಬಲೆ ಕಟ್ಟಿ ಕುರಿಗಳನ್ನು ಒಳಗೆ ಹಾಕುವುದು ಪದ್ಧತಿ. ಅಂಥದೊಂದು ಹೊಲದಲ್ಲಿ ಮೊದಲ ರಾತ್ರಿ ಮಲಗಿದ ಅಪ್ಪ ಮತ್ತೆ ಏಳಲಿಲ್ಲ. ಕತ್ತಲಿರುವಾಗಲೇ ಕಾಕಾ ದೇಹವನ್ನು ಟೆಂಪೋದಲ್ಲಿ ಊರಿಗೆ ತಂದ. ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಕುರಿಗಳನ್ನು ಮಾರಿದೆವು.

ಅವ್ವನಿಗೆ ಆ ಸಮಾಧಿ ಸಾಲಲಿಲ್ಲ.

“ಅಲ್ಲಿ ನಾವ ಮಲಗಿಸೇವಿ. ಅಂವ ತಾನ ಮಲಗಿದ್ದ ಜಾಗಾ ಎಲ್ಲೈತಿ? ಅದನ್ನ ಒಮ್ಮೆ ತೋರಸ್ರಿ ನನಗ.”

ಕಾಕಾ ತಲೆ ತಗ್ಗಿಸಿದ. “ವೈನಿ, ಹೊಲದಾವ್ರ ಕೂಡ ಮಾತಾಡಿದಾವ ಅಣ್ಣ. ನಾ ಹಿಂದ ಕುರಿ ಹೊಡಕೊಂಡ ಹೋದ್ನಿ. ಕತ್ತಲಾಗ ಹೋದ್ವಿ, ಕತ್ತಲಾಗ ಬಂದ್ವಿ. ರಸ್ತಾ ಬಾಜೂಕ ಅನ್ನೋದಷ್ಟ ಗೊತ್ತ. ಬ್ಯಾಸಿಗ್ಯಾಗ ಎಲ್ಲಾ ಹೊಲಾ ಒಂದ ನಮೂನಿ.”

ಅಪ್ಪನ ನಾಯಿ ಅಂಗಳದಲ್ಲೇ ಇರುತ್ತಿತ್ತು. ಒಮ್ಮೊಮ್ಮೆ ತಟ್ಟನೆ ಎದ್ದು, ಬಾಗಿಲ ಕಡೆ ಮುಖ ಮಾಡಿ ಬಾಲ ಅಲ್ಲಾಡಿಸುತ್ತಿತ್ತು. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡುತ್ತಿದ್ದಳು. ಯಾರೂ ಇರುತ್ತಿರಲಿಲ್ಲ. ಅವಳು ಒಳಗೆ ಬಂದ ಮೇಲೂ ನಾಯಿ ಬಾಲ ಅಲ್ಲಾಡಿಸುತ್ತಲೇ ಇರುತ್ತಿತ್ತು. ನಾನು ಅತ್ತ ನೋಡುತ್ತಿರಲಿಲ್ಲ.

ರವಿವಾರ ಬಂದರೆ ಯಮಕನಮರಡಿ ರಸ್ತೆಯ ಹೊಲಗಳನ್ನು ಹುಡುಕುತ್ತ ಹೋಗುತ್ತಿದ್ದೆ. ಮಳೆ ಬಿದ್ದ ಮೇಲೆ ಒಂದು ದಿನ, ಕಪ್ಪು ಎರೆ ಹೊಲದ ನಡುವೆ ಹಳದಿ ಹೂವು ಕಂಡಿತು. ನೆಲಕ್ಕಂಟಿ ಹಬ್ಬುವ ನೆಗ್ಗಿಲು ಬಳ್ಳಿ. ಹೂವು ಮೂಗುತಿಯಷ್ಟು, ಕಾಯಿ ಪೂರಾ ಮುಳ್ಳು. ಇಡೀ ಹೊಲದಲ್ಲಿ ಅಲ್ಲೊಂದೇ ಕಡೆ, ಜಮಖಾನೆ ಹಾಸಿದಂತೆ ನಾಲ್ಕೂ ಅಂಚು ನೇರ. ಮೊಣಕಾಲೂರಿ ಹತ್ತಿರದಿಂದ ಫೋಟೋ ತೆಗೆದೆ.

ಬದುವಿನಿಂದ ಹೊಲದ ಯಜಮಾನರು ಕೂಗಿದರು. “ಏನ್ರಿ ಅಕ್ಕಾರ, ಮಂದಿ ಗುಲಾಬಿ ಫೋಟೋ ತಗೀತಾರ, ನೀವು ನೆಗ್ಗಿಲ ಮುಳ್ಳಿಂದು ತಗಿಯಾಕತ್ತೀರಿ! ಪರೀಕ್ಷಾದಾಗ ಬರತೈತೇನ?”

“ಇದು ಇಲ್ಲಷ್ಟ ಯಾಕ ಬಂದೈತ್ರಿ?”

“ಕುರಿ ನಿಲ್ಲಿಸಿದ್ನಿ. ಗೊಬ್ಬರಾ ಕೇಳಿದ್ರ ಮುಳ್ಳೂ ಕೊಟ್ಟ ಹೋದ್ವು ನೋಡ್ರಿ. ಗೊರಸಿನಾಗ ಸಿಕ್ಕೊಂಡ ಬಂದಿರಬೇಕ. ಬಲಿ ಕಟ್ಟಿದ್ದಷ್ಟ ಜಾಗಾದಾಗ ಎದ್ದೈತಿ.” ನಕ್ಕವರು ನಗು ನಿಲ್ಲಿಸಿದರು. “ಒಂದ ರಾತ್ರಿ ನಿಂತ್ವು. ಕುರಿ ತಂದಿದ್ದ ಹಿರ್ಯಾ ಮಲಗಿದಾವ ಏಳಲೇ ಇಲ್ಲ.”

“ನಮ್ಮಪ್ಪ ರೀ,” ಅಂದೆ.

ಅವರು ಇಳಿದು ಬಂದು, ಹೂವಿಗೆ ಕಾಲು ತಾಗದಂತೆ ಅಂಚಿನಲ್ಲಿ ನಿಂತರು. ಹಿಡಿ ಮಣ್ಣು ಎತ್ತಿ ಹಿಸುಕಿ ನೋಡಿ ಹೇಳಿದರು, “ನಾಳಿ ಮುಂಜಾನೆ ಕುಂಟಿ ಹೊಡೀಬೇಕ ತಂಗಿ. ಹದಾ ಹೋದ್ರ ಬಿತ್ತಾಕ ಆಗಂಗಿಲ್ಲ.”

ಕುಂಟೆ ಹೊಡೆದರೆ ಬಳ್ಳಿಯೆಲ್ಲ ಕಿತ್ತು ಮಣ್ಣಾಗುತ್ತದೆ, ಆದರೂ ತಡೆಯಿರಿ ಎನ್ನಲಿಲ್ಲ. ಮಣ್ಣಿನ ಹದ ಯಾರಿಗೂ ಕಾಯುವುದಿಲ್ಲ.

ಸಂಜೆ ಊರಿಗೆ ಹೋಗಿ ಫೋಟೋ ತೋರಿಸಿದೆ. ಚೆನ್ನಾಗಿ ಬಂದಿತ್ತು, ಎಸಳಿನ ಮೇಲಿನ ನೀರ ಹನಿಯೂ ಕಾಣುತ್ತಿತ್ತು. ಅವ್ವ ಹೂವಿನ ಮೇಲೆ ಬೆರಳೆಳೆಯುತ್ತ ಬಂದು, ಮೊಬೈಲಿನ ಅಂಚು ದಾಟಿ, ಬೆರಳನ್ನು ನನ್ನ ಅಂಗೈ ಮೇಲೆ ಇಟ್ಟಳು.

“ಇದು ಕುರಿ ಮಲಗಿದ್ದ ಜಾಗಾ. ನಿಮ್ಮಪ್ಪ ಯಾವಾಗಲೂ ಬಲಿ ಹೊರಗ, ರಸ್ತಾ ಕಡೆ ಮಲಗಾವ. ಅದನ್ಯಾಕ ತಗದಿಲ್ಲ?”

ಅಲ್ಲಿ ಹೂವಿರಲಿಲ್ಲ. ಅದಕ್ಕೇ ತೆಗೆದಿರಲಿಲ್ಲ.

ಮರುದಿನ ಮೊದಲ ಬಸ್ಸಿಗೇ ಹೊರಟೆವು. ಮುಟ್ಟುವಷ್ಟರಲ್ಲಿ ಕುಂಟೆ ಹೊಡೆದಾಗಿತ್ತು. ಹೊಲವೆಲ್ಲ ಒಂದೇ ಕಪ್ಪು. ಮೊಬೈಲ್ ಹಿಡಿದು ತಿರುಗಿದೆ. ನನ್ನ ಫೋಟೋಗಳಲ್ಲಿ ಬರೀ ಹೂವು, ಗುರುತಿಗೊಂದು ಗಿಡವಿಲ್ಲ, ಕಂಬವಿಲ್ಲ. ಅವ್ವ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೊಲಕ್ಕಿಳಿದಳು. ಅತ್ತ ಇತ್ತ ನಡೆದು ಒಂದು ಕಡೆ “ಹಾ” ಎಂದಳು. ಮಣ್ಣಿನಲ್ಲಿ ಮುಚ್ಚಿಹೋಗಿದ್ದ ಮುಳ್ಳು ಸಿಕ್ಕಿತ್ತು. ಅಲ್ಲಿಂದ ರಸ್ತೆಯ ಕಡೆ ತಿರುಗಿ ಹೆಜ್ಜೆ ಹಾಕಿದಳು. ಹಾ. ಮತ್ತೆ ಹಾ. ಆಮೇಲೆ ಸದ್ದಿಲ್ಲ. ಮುಳ್ಳು ಮುಗಿದಲ್ಲಿ ಕೂತು, ಹಾಸಿಗೆ ಸರಿಮಾಡುವವಳಂತೆ ಎರಡೂ ಕೈಯಿಂದ ಮಣ್ಣು ಸವರಿದಳು.

ಎಷ್ಟೋ ಹೂವಿನ ಕೆಳಗೆ ಎಷ್ಟೋ ಮಾತು ಬರೆದಿದ್ದೇನೆ. ಈ ಹೂವಿಗೆ ಇವತ್ತಿಗೂ ಬರೆಯಲಾಗಿಲ್ಲ. ಹೂವು ಬಿಟ್ಟ ಜಾಗವನ್ನಷ್ಟೇ ನೋಡಿದವಳಿಗೆ, ಅದರ ಪಕ್ಕದ ಬರಿ ನೆಲವನ್ನೂ ನೋಡಬೇಕೆಂದು ಅದೇ ಕಲಿಸಿತು. ಈಗ ಯಾವ ಹೂವಿನ ಮುಂದೆ ಬಗ್ಗಿದರೂ, ಫೋಟೋದ ಹೊರಗೆ ಯಾರೋ ಮಲಗಿದ್ದಾರೆ ಅನ್ನಿಸುತ್ತದೆ.

ಅಂದು ಯಜಮಾನರು ದೂರದಲ್ಲೇ ನಿಂತು ಕೇಳಿದರು. “ಯವ್ವಾ, ಈ ಜಾಗಾ ಹಂಗ ಬಿಡ್ಲೇನ?”

“ಬ್ಯಾಡ್ರಿ ಯಪ್ಪಾ, ಬಿತ್ರಿ. ನೀವು ಬಿತ್ತಾಕಂತನ ಅಂವ ಇಲ್ಲಿ ಬಂದ ಮಲಗಿದ್ದ,” ಅಂದಳು ಅವ್ವ. “ನಾ ಒಂದೀಟ ಹೊತ್ತ ಕುಂದರ್ತೀನಿ, ಅಷ್ಟ.”

ಅವರು ಎತ್ತು ತಿರುಗಿಸಿಕೊಂಡು ಹೋಗಿ, ಹೊಲದ ಆ ತುದಿಯಿಂದ ಬಿತ್ತುವ ಕೂರಿಗೆ ಹೂಡಿದರು.