ದ್ವೀಪಕ್ಕೆ ಕಟ್ಟಿದ ರೊಟ್ಟಿ

ನಿಮ್ಮ ಅಜ್ಜ ಬೀದರ ಕೋಟೆಯಲ್ಲಿ ಹಳೇ ಮಣ್ಣು ಅಗೆದು ಜರಡಿ ಹಿಡಿಯುವ ಕೆಲಸ ಕಲಿತವರು. ಆ ಕೈಗುಣ ನೋಡಿ ಚಳಿಗಾಲ ಬಂತೆಂದರೆ ಪುರಾತತ್ವ ಇಲಾಖೆಯವರು ಅವರನ್ನು ಅಂಡಮಾನಿನ ಒಂದು ಸಣ್ಣ ದ್ವೀಪಕ್ಕೆ ಕರೆಸುತ್ತಿದ್ದರು. ಅಲ್ಲೊಂದು ಚಿಪ್ಪಿನ ದಿಬ್ಬವಿದೆ. ಸಾವಿರಾರು ವರ್ಷದ ಹಿಂದಿನವರು ತಿಂದು ಎಸೆದ ಚಿಪ್ಪು, ಎಲುಬು, ಒಡೆದ ಮಡಕೆ ಸೇರಿ ಬೆಳೆದ ದಿಬ್ಬ.

ಅವರು ಹೊರಡುವ ಮುಂಚೆ ಠಾಣಾ ಕುಶನೂರಿನ ಮನೆಯಲ್ಲಿ ನಾನೂ ನಾದಿನಿಯೂ ವಾರಗಟ್ಟಲೆ ಜೋಳದ ಖಡಕ್ ರೊಟ್ಟಿ ಬಡಿಯುತ್ತಿದ್ದೆವು. ನಮ್ಮ ಕಡೆ ಬಟ್ಟೆಯಲ್ಲಿ ಕಟ್ಟಿಟ್ಟರೆ ತಿಂಗಳಾದರೂ ಕಟಕ್ಕನೆ ಮುರಿಯುವ ರೊಟ್ಟಿ ಅದು.

ತಿರುಗಿ ಬಂದಾಗ ಕೇಳುತ್ತಿದ್ದೆ, “ರೊಟ್ಟಿ ಹ್ಯಾಂಗಿದ್ವುರಿ?”

“ಕಡೀತನಕ ಬಂದ್ವು ನೋಡು. ಮುಂದಿನ ವರ್ಷ ನಿನ್ನೂ ಕರ್ಕೊಂಡು ಹೋಗ್ತೇನಿ. ದಿಬ್ಬದ ಮ್ಯಾಲ ಕೂತು ಇಬ್ರೂ ತಿನ್ನೂಣು.”

ಆ ಮುಂದಿನ ವರ್ಷ ಬರಲಿಲ್ಲ. ಭಾಲ್ಕಿ ಬಸ್ ನಿಲ್ದಾಣದಲ್ಲಿ ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲ.

ಅದಕ್ಕೇ ನಾನು ಹೊರಟೆ. ದಿಬ್ಬದ ಮೇಲೆ ಅವರ ಪಾಲಿನ ರೊಟ್ಟಿ ಇಟ್ಟು, ನನ್ನದು ತಿಂದು ಬರಬೇಕು, ಅಷ್ಟೇ. ನಿಮ್ಮ ಅವ್ವ ಜೊತೆಗೆ ಬಂದಳು. ನನ್ನ ರೊಟ್ಟಿ ಗಂಟು ನೋಡಿ, “ಯವ್ವಾ, ಔರಾದ ಸಂತಿಗಿ ಹೊಂಟೀಯೇನ?” ಎಂದು ನಕ್ಕಳು. ವಿಮಾನದಲ್ಲೂ ದೋಣಿಯಲ್ಲೂ ಅದನ್ನು ಮಡಿಲಿಂದ ಇಳಿಸಲಿಲ್ಲ.

ದ್ವೀಪ ಮುಟ್ಟಿದಾಗ ಕಡಲು ಕೆಟ್ಟಿತ್ತು, ದಿಬ್ಬದ ಕಡೆ ದೋಣಿ ಹೋಗಲಿಲ್ಲ. ದಿಬ್ಬ ಅಗೆಯುವವರಿಗೆ ಅಡುಗೆ ಮಾಡುತ್ತಿದ್ದ, ನಿಮ್ಮ ಅಜ್ಜನನ್ನು ಬಲ್ಲ ಮುದುಕಿಯ ಮನೆಯಲ್ಲಿ ನಾಲ್ಕೈದು ದಿನ ಉಳಿದೆವು. ಅಂಗಳದ ತುಂಬ ಶಂಖದ ಏಡಿಗಳು ತಮ್ಮ ಮನೆ ಬೆನ್ನಿಗೆ ಹೊತ್ತು ಓಡಾಡುತ್ತಿದ್ದವು. ಮರಳಲ್ಲಿ ಕಡಲಾಮೆ ಹತ್ತಿ ಹೋದ ಗುರುತು. ಹವಾ ಮಾತ್ರ ಹಸಿ ಅರಿವೆಯ ಹಾಗೆ ಮೈಗೆ ಅಂಟುತ್ತಿತ್ತು. ಕಡಲು ಶಾಂತವಾದ ಬೆಳಿಗ್ಗೆ ಗಂಟು ಬಿಚ್ಚಿದೆ. ರೊಟ್ಟಿ ಮೆತ್ತಗಾಗಿ ಒಂದಕ್ಕೊಂದು ಹತ್ತಿಕೊಂಡಿದ್ದವು. ಮೇಲೆ ಹಸಿರು ಬೂಸ್ಟು.

ನನಗೆ ಅಳು ಬಂತು. ಮುದುಕಿ ಬಂದು ನೋಡಿದಳು. ಅವಳದು ಹಿಂದಿ, ನನ್ನದು ನಮ್ಮ ಬೀದರಿನ ಉರ್ದು. ಹೇಗೋ ತಿಳಿಯುತ್ತಿತ್ತು.

“ಅವರವೂ ಹೀಗೇ ಆಗ್ತಿದ್ದವು, ಪ್ರತಿ ಸಲ. ನನ್ನ ಅನ್ನ, ಮೀನು ಅವರಿಗೆ ಸೇರ್ತಿರಲಿಲ್ಲ, ಇವನ್ನೇ ನನ್ನ ಒಲೆ ಮೇಲೆ ಕಾಯಿಸಿ ಒಂದೆರಡು ತಿಂತಿದ್ದರು. ಉಳಿದದ್ದು ದಿಬ್ಬಕ್ಕೆ ಒಯ್ದು ಪುಡಿ ಮಾಡಿ ಏಡಿಗಳಿಗೆ ಹಾಕ್ತಿದ್ದರು. ‘ಹೆಂಡತಿಗೆ ಹಿಟ್ಟು ಕಟ್ಟಿಕೊಡು ಅನ್ನಬಾರದೇನಪ್ಪಾ’ ಅಂತ ನಾನು ಬೈದರೆ, ‘ಆಕೆ ವಾರಗಟ್ಟಲೆ ಒಲೆ ಮುಂದೆ ಕೂತಿರ್ತಾಳೆ, ಹೇಗೆ ಹೇಳಲಿ’ ಅಂತಿದ್ದರು.”

ಅಲ್ಲಿಂದ ಸೊರಗಿ ಬಂದಾಗೆಲ್ಲ ನಾನು ಕೆಲಸದ ದಣಿವು ಅಂದುಕೊಂಡಿದ್ದೆ. ಹೇಳಿದ್ದರೆ ಹಿಟ್ಟು ಕಟ್ಟಿಕೊಡುತ್ತಿದ್ದೆನಲ್ಲ. ಯಾಕ ಹೇಳಲಿಲ್ಲರಿ ಎಂದು ಕೇಳಲು ಅವರಿಲ್ಲ.

ದಿಬ್ಬಕ್ಕೆ ಹೋದೆವು. ನಾನೂ ಒಂದು ತುಂಡು ಬಾಯಿಗೆ ಹಾಕಿದೆ, ನುಂಗಲಾಗಲಿಲ್ಲ. ಉಳಿದದ್ದನ್ನು ಪುಡಿ ಮಾಡಿ ಚಿಪ್ಪುಗಳ ಮೇಲೆ ಚೆಲ್ಲಿದೆ. ಏಡಿಗಳು ಮೊದಲಿನಿಂದ ಪರಿಚಯ ಇದ್ದವರ ಹಾಗೆ ಬಂದವು. ನಿಮ್ಮ ಅವ್ವ ಆ ಕಡೆ ಮುಖ ತಿರುಗಿಸಿ ನಿಂತಳು.

ಊರಿಗೆ ಬಂದ ದಿನ ನಾದಿನಿ ನೀರು ತಂದುಕೊಟ್ಟು ಕೇಳಿದಳು, “ವೈನೀ, ರೊಟ್ಟಿ ಹ್ಯಾಂಗಿದ್ವು?” ಈ ಸಲದ ರೊಟ್ಟಿ ಹೆಚ್ಚಿನವು ಅವಳೇ ಬಡಿದಿದ್ದಳು. ಅವಳ ಬೆರಳ ಮೇಲಿನ ಸುಟ್ಟ ಗಾಯ ಇನ್ನೂ ಮಾಯ್ದಿರಲಿಲ್ಲ.

“ಕಡೀತನಕ ಬಂದ್ವು” ಎಂದೆ.