ಲೈನ್ ಸರಿಯಾಗಿಯೇ ಇತ್ತು

ಟಿಣ್ ಎಂದಿತು ಟ್ಯಾಬ್. ಒಂದಲ್ಲ, ಎರಡು ಸಲ. ಕೇಳಿಸಿತು. ನೆಟ್ ಇರಲಿಲ್ಲ ಎಂದು ಆಮೇಲೆ ಹೇಳಿದೆ, ಇತ್ತು. ಅಮೆರಿಕದ ಆಸ್ಪತ್ರೆಯೊಂದು ಡಾಕ್ಟರ್ ಗಿರಿಜಾಳನ್ನು ರೆಸಿಡೆನ್ಸಿ ಇಂಟರ್‌ವ್ಯೂಗೆ ಕರೆದ ಮೇಲ್ ಅದು. ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೆ ಓದಿದೆ—ಓದಿ, ಟ್ಯಾಬನ್ನು ಮೇಜಿನ ಮೇಲೆ ಬೋರಲು ಹಾಕಿ, ಅಡಿಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಕುಡಿದೆ. ಸಕ್ಕರೆ ಸರಿಯಾಗಿತ್ತು. ಅದೂ ನೆನಪಿದೆ.

ಶಿರಸಿಯಲ್ಲಿ ಆಯುಷ್ಯವಿಡೀ ಇಂಗ್ಲಿಷ್ ಕಲಿಸಿದವಳು ನಾನು. ನನಗೆ ಕಲಿಸಿದವರು ಕಾನ್ವೆಂಟಿನ ಸಿಸ್ಟರ್‌ಗಳು. ಉಚ್ಚಾರ ತಪ್ಪಿದರೆ ಸ್ಕೇಲಿನಿಂದ ಬೆರಳ ಗಂಟಿನ ಮೇಲೆ ಹೊಡೆಯುತ್ತಿದ್ದರು. ಆ ಪೆಟ್ಟು ತಿಂದದ್ದೇ ದೊಡ್ಡಸ್ತಿಕೆ ಎಂದು ತಿಳಿದು, ಪೆಟ್ಟು ತಿನ್ನದವರನ್ನೆಲ್ಲ ಕೀಳಾಗಿ ಕಂಡು ಬದುಕಿದವಳು. ಆ ಕಾರಿಡಾರುಗಳು, ಸಂಜೆಯ ಪಿಯಾನೋ... ಇರಲಿ. ಅದನ್ನು ಹೇಳಹೊರಟರೆ ನೀವು ನನ್ನ ಮೇಲೆ ಮರುಕಪಟ್ಟೀರಿ.

ಗಿರಿಜಾ ಬನವಾಸಿ ಕಡೆಯ ಕಿರಾಣಿ ಅಂಗಡಿಯವರ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ. ಎಂಬಿಬಿಎಸ್ ಮುಗಿಸಿ, ಯಲ್ಲಾಪುರ ಕಡೆಯ ಇಡಗುಂದಿಯಿಂದಲೂ ಒಳಗೆ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಫೋನು ಹತ್ತುತ್ತಿರಲಿಲ್ಲ. ಶನಿವಾರ ಶಿರಸಿಗೆ ಬಂದು ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಉಳಿದು ಅರ್ಜಿಯ ಕೆಲಸ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಹೃದಯದ ಡಾಕ್ಟರಾಗಬೇಕಿತ್ತು. ಅದಕ್ಕೆ ಮೊದಲ ಮೆಟ್ಟಿಲು ಈ ರೆಸಿಡೆನ್ಸಿ—ಆಸ್ಪತ್ರೆಯಲ್ಲಿ ದುಡಿಯುತ್ತಲೇ ಪಡೆಯುವ ಹೆಚ್ಚಿನ ತರಬೇತಿ.

ಅದಕ್ಕೆ ಅರ್ಜಿ ಹಾಕುವ ತಮಾಷೆ ಗೊತ್ತಿಲ್ಲದವರಿಗೆ ಹೇಳಬೇಕು. ಪರೀಕ್ಷೆ ಪಾಸಾದರೆ ಸಾಲದು. ‘ಪರ್ಸನಲ್ ಸ್ಟೇಟ್‌ಮೆಂಟ್’ ಎಂದು ಒಂದು ಪುಟ ಬರೆಯಬೇಕು—ತಾನೇಕೆ ಡಾಕ್ಟರಾದೆ ಎಂದು, ಓದಿದವರಿಗೆ ಕಣ್ಣೀರು ಬರಬೇಕು, ಬರೆದವರು ಅತ್ತಂತೆ ಕಾಣಬಾರದು. ಇಂಟರ್‌ವ್ಯೂನಲ್ಲಿ ನಿನ್ನ ವೀಕ್‌ನೆಸ್ ಏನು ಎನ್ನುತ್ತಾರೆ. ನಿಜ ಹೇಳಿದರೆ ಮೂರ್ಖ, ಸುಳ್ಳು ಹೇಳಿ ಸಿಕ್ಕಿಬಿದ್ದರೆ ಶತಮೂರ್ಖ. ಕೊನೆಗೆ, ನಮ್ಮನ್ನೇನಾದರೂ ಕೇಳುವುದಿದೆಯೇ ಎನ್ನುತ್ತಾರೆ. ಇಲ್ಲ ಎಂದರೆ ಆಸಕ್ತಿಯೇ ಇಲ್ಲ ಎಂದುಕೊಳ್ಳುತ್ತಾರಂತೆ. ಹೆಣ್ಣು ನೋಡಲು ಬಂದವರೂ ಇಷ್ಟು ನಾಟಕ ಆಡುವುದಿಲ್ಲ. ಇದನ್ನೆಲ್ಲ ಮೂಗು ಮುರಿಯುತ್ತಲೇ ಕಲಿಸಿದೆ. ಒಳಗೊಳಗೆ ಎಷ್ಟು ಖುಷಿ—ರಿಟೈರ್ ಆಗಿ ಇಷ್ಟು ವರ್ಷದ ಮೇಲೆ ಯಾರಿಗೋ ನನ್ನ ಇಂಗ್ಲಿಷ್ ಬೇಕಾಗಿತ್ತು.

ಇಂಟರ್‌ವ್ಯೂಗೆ ಕರೆಯುವ ರೀತಿ ಇನ್ನೂ ಹೇಸಿಗೆಯದು. ಕೆಲವು ಕಡೆ, ಇರುವ ಸ್ಲಾಟುಗಳಿಗಿಂತ ಹೆಚ್ಚು ಜನರಿಗೆ ಒಮ್ಮೆಲೇ ಮೇಲ್ ಕಳಿಸುತ್ತಾರೆ. ಮೊದಲು ಒತ್ತಿದವರಿಗೆ ದಿನ ಗೊತ್ತಾಗುತ್ತದೆ, ಉಳಿದವರು ವೇಟಿಂಗ್ ಲಿಸ್ಟು. ಬಸ್ಸಿನ ಕಿಟಕಿಯಲ್ಲಿ ಟವೆಲ್ ಎಸೆದು ಸೀಟು ಹಿಡಿದಂತೆ. ದೊಡ್ಡ ದೊಡ್ಡ ಆಸ್ಪತ್ರೆಗಳು! ಗಿರಿಜಾ ತನ್ನ ಮೇಲ್ ನನ್ನ ಟ್ಯಾಬಿಗೆ ಬರುವಂತೆ ಮಾಡಿ, ಸದ್ದು ಜೋರಾಗಿಟ್ಟು ಹೋಗಿದ್ದಳು.

“ಯಾವ ತಾರೀಖಿದ್ರೂ ಒತ್ತಿಬಿಡ್ರಿ ಮಿಸ್. ನನ್ನ ಕೇಳಾಕ ಹೋಗಬ್ಯಾಡ್ರಿ, ಅಷ್ಟರಾಗ ಮುಗದ ಹೋಗತಾವ.”

“ಐ ಆಮ್ ನಾಟ್ ಯುವರ್ ಕ್ಲರ್ಕ್, ಗಿರಿಜಾ.”

“ಕ್ಲರ್ಕ್ ಯಾಕ್ರಿ? ಸೆಕ್ರೆಟರಿ ಅನ್ರಿ!” ಎಂದು ಬ್ಯಾಗು ಹೆಗಲಿಗೇರಿಸಿದಳು.

ಅಭ್ಯಾಸಕ್ಕೆಂದು ನಾವು ಆಡಿದ ಸುಳ್ಳು ಇಂಟರ್‌ವ್ಯೂ ಒಂದನ್ನು ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿ, ಅಮೆರಿಕದಲ್ಲಿ ರೆಸಿಡೆಂಟ್ ಆಗಿದ್ದ ತನ್ನ ಸೀನಿಯರ್‌ಗೆ ಕಳಿಸಿದ್ದಳು. ಭಾನುವಾರ ತೆಳ್ಳೇವು—ನಮ್ಮ ಕಡೆಯ ತೆಳು ದೋಸೆ—ತಿನ್ನುವಾಗ ಆ ಹುಡುಗಿಯ ಉತ್ತರ ಬಂತು. ಗಿರಿಜಾ ಸ್ಪೀಕರ್‌ಗೆ ಹಾಕಿದಳು—ನಾನೂ ಹೊಗಳಿಕೆ ಕೇಳಲಿ ಎಂದೇ ಇರಬೇಕು.

“ಲೇ ಗಿರಿಜಾ, ಯಾರಲೇ ಹಿಂಗ ಮಾತಾಡಾಕ ಕಲಿಸಿದವ್ರು? ಇಂಗ್ಲೆಂಡ್ ರಾಣಿ ಮನ್ಯಾಗ ಬಾಡಿಗಿ ಅದೀಯೇನು? ಪೇಷಂಟ್ ಮುಂದನೂ ಹಿಂಗ ಭಾಷಣ ಬಿಗೀತೀಯೇನು? ನಿನ್ನಂಗ ನೀ ಮಾತಾಡ ಮಾರಾಯ್ತಿ, ಇಲ್ಲಂದ್ರ ನಕ್ಕು ಕಳಸ್ತಾರ!”

ಗಿರಿಜಾ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ತಡೆಯಲಾಗಲಿಲ್ಲ. “ತಪ್ಪ ತಿಳಕೋಬ್ಯಾಡ್ರಿ ಮಿಸ್, ಆಕಿ ಇರೋದ ಹಂಗ.” ನಾನೂ ನಕ್ಕೆ. ಇನ್ನೊಂದು ತೆಳ್ಳೇವು ಬಡಿಸಿದೆ. ಅವಳು ತಿಂದಳು.

ಅದೇ ವಾರ ಬಂತು ಆ ಮೇಲ್. ಆ ಸೀನಿಯರ್ ಇದ್ದ ಆಸ್ಪತ್ರೆಯಿಂದಲೇ—ಆಕೆ ಅಲ್ಲಿ ನಾಲ್ಕು ಮಾತು ಹೇಳಿಟ್ಟಿದ್ದಳು. ಗಿರಿಜಾ ಎಲ್ಲಕ್ಕಿಂತ ನೆಚ್ಚಿಕೊಂಡದ್ದು ಅದನ್ನೇ. ನನಗೆ ಗೊತ್ತಿತ್ತು. ‘ನಿನ್ನಂಗ ನೀ’ ಮಾತಾಡುವವಳಿಗೆ ನನ್ನ ಬೆರಳೇಕೆ ಬೇಕು—ಎಂದುಕೊಂಡೆನೇ? ಇಷ್ಟು ಸ್ಪಷ್ಟವಾಗಿ ಅಲ್ಲ. ಚಹಾ ಕುಡಿಯೋಣ ಎಂದುಕೊಂಡೆ, ಅಷ್ಟೇ. ನೀಚತನ ಬರುವಾಗ ಇಷ್ಟು ಸಾದಾ ಮುಖ ಹೊತ್ತು ಬರುತ್ತದೆ. ಲೋಟ ತೊಳೆದಿಟ್ಟು ಬಂದು ಒತ್ತಿದೆ. ಎಲ್ಲ ದಿನವೂ ಭರ್ತಿ. ಕೊನೆಗೂ ಒತ್ತಿದ್ದೆನಲ್ಲ ಎಂಬುದನ್ನು ಬಹಳ ಕಾಲ ನನ್ನ ಒಳ್ಳೆಯತನವೆಂದೇ ಎಣಿಸಿದ್ದೆ—ಥೂ.

ನನಗೂ ಡಾಕ್ಟರಾಗುವ ಆಸೆಯಿತ್ತು, ಅದಕ್ಕೇ ಹೊಟ್ಟೆಕಿಚ್ಚು ಎಂದು ಬರೆದರೆ ನೀವು ಅರ್ಧ ಕ್ಷಮಿಸುತ್ತೀರಿ. ಅಂಥ ಆಸೆ ಯಾವತ್ತೂ ಇರಲಿಲ್ಲ. ಒಂದು ಹುಡುಗಿ ನಕ್ಕಳು, ಅಷ್ಟೇ ಕಾರಣ.

ಶನಿವಾರ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು. “ನೆಟ್ ಇರಲಿಲ್ಲ, ಗಿರಿಜಾ,” ಎಂದೆ. “ಮರುದಿನ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.” ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮತ್ತೆ ಅವಳೇ ನನಗೆ ಸಮಾಧಾನ ಹೇಳಿದಳು—“ನೀವೇನ್ ಮಾಡತೀರಿ ಮಿಸ್, ಬಿಡ್ರಿ.” ಆಮೇಲೆ ಫೋನ್ ಮಾಡಿ ನೆಟ್ ಕೊಡುವ ಕೇಬಲ್ಲಿನವನನ್ನು ಕರೆಸಿ ಬಾಯಿಗೆ ಬಂದಂತೆ ಬೈದಳು. ಸಿದ್ದಾಪುರ ಕಡೆಯವನು ಅವನು, ಮೆತ್ತಗಿನ ಮನುಷ್ಯ.

“ಎಂತ ಅಕ್ಕಾ, ಲೈನ್ ಸರೀನೇ ಇತ್ತಲ್ರಾ. ಕಟ್ ಆಗಿದ್ರೆ ಓಣಿಯವ್ರೆಲ್ಲ ನನ್ನ ಬಿಡ್ತಿದ್ರಾ?” ಎಂದು ನನ್ನ ಮುಖ ನೋಡಿದ.

“ಡೋಂಟ್ ಆರ್ಗ್ಯೂ,” ಎಂದೆ. ಕ್ಲಾಸಿನ ದನಿಯಲ್ಲಿ. ಅವನು ಚೀಲ ಎತ್ತಿಕೊಂಡು ಹೊರಟುಹೋದ. ನಮ್ಮಂಥವರ ಇಂಗ್ಲಿಷ್ ಇಂಥದ್ದಕ್ಕೇ ಹೆಚ್ಚು ಉಪಯೋಗಕ್ಕೆ ಬಂದದ್ದು.

ಬೇರೆ ಎರಡು ಕಡೆ ಇಂಟರ್‌ವ್ಯೂ ಆಯಿತು. ಮಾರ್ಚಿನಲ್ಲಿ, ಎಲ್ಲಿಯೂ ಸೀಟು ಸಿಗಲಿಲ್ಲ ಎಂದು ತಿಳಿಯಿತು. ಮುಂದಿನ ವರ್ಷ ಮತ್ತೆ ಹಾಕು ಎಂದೆ—ಎಷ್ಟು ಸಲೀಸಾಗಿ! “ಸಾಕಾತ್ರಿ ಮಿಸ್. ಓದ ಮುಗಿಸಿ ವರ್ಷ ಹೋದಂಗ ಅವ್ರ ಕಣ್ಣಿಗೆ ನಾವು ಹಳಬರಾಗತೀವ್ರಿ,” ಎಂದಳು.

ಈಗ ಯಲ್ಲಾಪುರದಲ್ಲಿ ಅವಳ ಕ್ಲಿನಿಕ್ ಇದೆ. ಬೆಳಗಿನಿಂದ ಬಾಗಿಲಲ್ಲಿ ಜನ. ಎದೆನೋವೆಂದು ಬಂದವರನ್ನು ಚೀಟಿ ಬರೆದು ಹುಬ್ಬಳ್ಳಿಗೆ ಕಳಿಸುತ್ತಾಳೆ. ಕೆಲವರು ದಾರಿಯಲ್ಲೇ—ಅದನ್ನು ಬರೆಯಲಾರೆ. ಕಳೆದ ವರ್ಷ ಇಲ್ಲಿಯ ಮಹಿಳಾ ಮಂಡಳದವರು ನನಗೆ ಶಾಲು ಹೊದಿಸಿದರು. “ಎಂತಾ ಪುಣ್ಯ ಮಾಡಿದ್ರಿ ಟೀಚರ್! ನಿಮ್ಮ ವಿದ್ಯಾರ್ಥಿನಿ ಅಮೆರಿಕಾನೂ ಬ್ಯಾಡ ಹೇಳಿ ನಮಗಾಗಿ ಉಳ್ಕಂಡ್ಲು,” ಎಂದರು ಅಧ್ಯಕ್ಷರು. ಆಗಿದ್ದೆಲ್ಲ ಒಳ್ಳೆಯದಕ್ಕೇ ಎನ್ನುವವರ ಆ ತೃಪ್ತ ಮುಖಗಳು! ಅವರನ್ನು ಹಳಿಯಲು ನಾನ್ಯಾರು—ಶಾಲು ಹೊದೆದುಕೊಂಡು ಕೈ ಮುಗಿದವಳು.

ಮರುದಿನವೇ ಯಲ್ಲಾಪುರದ ಬಸ್ಸು ಹತ್ತಿದೆ. “ಬರ್ರಿ ಮಿಸ್, ಕೂಡ್ರಿ,” ಎಂದು ಗಿರಿಜಾ ತಾನಾಗಿಯೇ ನನ್ನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. “ಬಾಳ ಐತ್ರಿ. ಏನ್ ಚಿಂತಿ ಹಚ್ಚಿಕೊಂಡೀರಿ?” ಎಂದಳು. ಹೇಳಿದೆ. ಓದಿದ್ದು, ಚಹಾ ಕುಡಿದದ್ದು, ಕೇಬಲ್ಲಿನ ಆ ಬಡಪಾಯಿಯನ್ನು ಬೈಸಿದ್ದು—ಎಲ್ಲ ಕನ್ನಡದಲ್ಲೇ. ಇಂಗ್ಲಿಷಿನಲ್ಲಾಗಿದ್ದರೆ ಚಂದ ಮಾಡಿಬಿಡುತ್ತಿದ್ದೆ.

ಅವಳು ಪಟ್ಟಿ ಬಿಚ್ಚಿ, ನಿಧಾನವಾಗಿ ಸುತ್ತಿಟ್ಟಳು.

“ನಾ ನಕ್ಕಿದ್ದಕ್ಕೇನ್ರಿ?”

“ಹೌದು.”

ಚೀಟಿಯಲ್ಲಿ ಮಾತ್ರೆ ಬರೆದಳು. ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು, ಉಪ್ಪು ಕಡಿಮೆ ಮಾಡಬೇಕು—ಎಲ್ಲ ರೋಗಿಗಳಿಗೂ ಹೇಳುವ ದನಿಯಲ್ಲಿ ಹೇಳಿದಳು.

“ತಿಂಗಳ ಬಿಟ್ಟು ಮತ್ತ ನೋಡಿಸ್ಬೇಕ್ರಿ. ಶಿರಸಿಯೊಳಗ ಯಾರಿಗಾದ್ರೂ ತೋರಿಸ್ರಿ.”

ಎದ್ದು ಬಾಗಿಲು ತೆರೆದು, ಬೆಂಚಿನ ಮೇಲೆ ಕಾಯುತ್ತಿದ್ದ ಮುದುಕನಿಗೆ “ಬರ್ರಿ ಅಜ್ಜಾ,” ಎಂದಳು. ಅವನು ಒಳಗೆ ಬರಲೆಂದು ನಾನು ಗೋಡೆಗೆ ಸರಿದು ನಿಂತೆ. ಅವಳು ಅವನ ಕೈ ಹಿಡಿದು ಕೂರಿಸುತ್ತಿದ್ದಳು. ಅವಳನ್ನು ನೋಡಿದ್ದು ಅದೇ ಕೊನೆ.